ಮಾವನ ಡಬಲ್ ಬಾಸು, ಮಾವನ ಕಿವಿ

೧

ಹದಿನೇಳು ಡಬಲ್ ಬಾಸ್‌ಗಳನ್ನು ಎಡಗೈಯಲ್ಲಿ ಎತ್ತಿಕೊಂಡು ನಾನು ಮೂರು ಮಹಡಿ ಹತ್ತಿದೆ. ಅವನ್ನು ನುಡಿಸುವ ಕಮಾನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಬಲಗೈ ಖಾಲಿ ಬಿಟ್ಟುಕೊಂಡಿದ್ದು, ಮೆಟ್ಟಿಲಲ್ಲಿ ಎದುರಾಗುವ ಸಂಗೀತಗಾರರ ಕೈ ಕುಲುಕಲು ಒಂದು ಕೈ ಬೇಕಲ್ಲ ಎಂದು.

ಕಥೆಯನ್ನು ಹೀಗೆ ಶುರುಮಾಡಬಹುದೇ ಎಂಬ ಅನುಮಾನ ನನಗೂ ಇದೆ. ಡಬಲ್ ಬಾಸ್ ನೋಡಿದವರು ಖಂಡಿತ ನಂಬುವುದಿಲ್ಲ. ನೋಡದವರಿಗಾಗಿ ಹೇಳುತ್ತೇನೆ: ಪಿಟೀಲು ಗೊತ್ತಲ್ಲ, ಅದರ ದೊಡ್ಡಪ್ಪ ಇದು. ನಿಲ್ಲಿಸಿದರೆ ನನಗಿಂತ ಗೇಣುದ್ದ ಎತ್ತರ, ಮಲಗಿಸಿದರೆ ಮನೆಯವರೆಲ್ಲ ನಿಂತೇ ನಿದ್ದೆ ಮಾಡಬೇಕು. ದನಿಯೋ, ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿಸುವಂಥದ್ದು.

ಬೇರೆ ಥರವೂ ಶುರುಮಾಡಿ ನೋಡಿದ್ದೇನೆ. 'ಅದೊಂದು ಮಬ್ಬು ಮುಂಜಾನೆ' ಎಂದು ಬರೆದೆ. ಬರೆಯುತ್ತಿರುವಾಗಲೇ ಆಕಳಿಕೆ ಬಂತು. ಆಮೇಲೆ ಹಡಗು ಮುಳುಗುವ ದೃಶ್ಯ ಬರೆದೆ. ಬಾಸನ್ನೇ ದೋಣಿ ಮಾಡಿಕೊಂಡು, ಕಮಾನನ್ನೇ ಹುಟ್ಟು ಮಾಡಿಕೊಂಡು ನಾನು ದಡ ಸೇರುತ್ತೇನೆ. ಅದು ಚೆನ್ನಾಗಿತ್ತು, ಆದರೆ ನನ್ನ ಕಥೆಯಲ್ಲಿ ಸಮುದ್ರವಿಲ್ಲ. ಇರುವುದು ಸಂಗೀತಗಾರರ ಸಮ್ಮೇಳನ ನಡೆಯುವ ಒಂದು ಕಟ್ಟಡ, ಅದರ ಮೂರನೇ ಮಹಡಿಯ ಪ್ರದರ್ಶನದ ಹಾಲು, ಅದರ ಮೂಲೆಯಲ್ಲಿ ನಮ್ಮ ಮಳಿಗೆ.

ಹೆಂಡತಿ ಹೆಗಲ ಮೇಲಿಂದ ಇಣುಕಿ ಓದಿದಳು.

"ಆರು ಬಾಸ್ ರೀ. ಲಿಫ್ಟ್ ಇತ್ತು."

"ಓದುಗರಿಗೆ ಲಿಫ್ಟ್ ಬೋರಾಗುತ್ತೆ ಕಣೇ."

"ಟ್ರಾಲಿ ತಳ್ಳಿದ್ದು ನಾನು. ನೀವು ಮುಂದೆ ಮುಂದೆ ಹೋಗಿ ದಾರಿ ಬಿಡಿ ದಾರಿ ಬಿಡಿ ಅಂತಿದ್ರಿ. ದಾರೀಲಿ ಯಾರೂ ಇರಲಿಲ್ಲ."

(ಇವಳನ್ನು ಮೊದಲ ಭಾಗದಲ್ಲೇ ಒಳಗೆ ಬಿಟ್ಟದ್ದು ಕಟ್ಟಡದ ದೃಷ್ಟಿಯಿಂದ ತಪ್ಪು. ಕಥೆಯ ಕಟ್ಟಡದ ಮಾತು ಹೇಳುತ್ತಿದ್ದೇನೆ.)

೨

ನಮ್ಮದು ಹಳೆಯ ಬಾಸ್‌ಗಳ ಅಂಗಡಿ. ರಿಪೇರಿ ಅವಳದು, ಮಾತು ನನ್ನದು. ಒಡೆದ ಹಲಗೆಯನ್ನು ಅವಳು ಮೂರು ತಿಂಗಳು ಕೂತು ಕೂಡಿಸಿದರೆ, ಅದು ಯಾವ ಅರಮನೆಯ ಬೆಂಕಿಯಲ್ಲಿ ಒಡೆಯಿತು ಎಂಬುದನ್ನು ನಾನು ಮೂರು ನಿಮಿಷದಲ್ಲಿ ಕೂಡಿಸುತ್ತೇನೆ. ಪ್ರಪಂಚದಲ್ಲಿ ನನ್ನಷ್ಟು ಚೆನ್ನಾಗಿ ಹಳೆಯ ಬಾಸಿನ ಬಗ್ಗೆ ಮಾತಾಡುವವನು ಇನ್ನೊಬ್ಬನಿಲ್ಲ. ಇದ್ದರೆ ಅವನು ಮಾತಾಡುತ್ತಿಲ್ಲ.

ಪ್ರದರ್ಶನದ ಹಾಲು ಎಂದರೆ ನೀವು ಮೌನ, ಗಾಜಿನ ಪೆಟ್ಟಿಗೆ, ಮುಟ್ಟಬೇಡಿ ಎಂಬ ಬೋರ್ಡು ಊಹಿಸಿಕೊಂಡಿದ್ದರೆ ಅಳಿಸಿಹಾಕಿ. ಇಲ್ಲಿ ಎಲ್ಲರೂ ಎಲ್ಲವನ್ನೂ ನುಡಿಸಿ ನೋಡುತ್ತಾರೆ, ಅದೂ ಒಟ್ಟಿಗೆ. ಮೂಲೆಗೊಬ್ಬರಂತೆ ಕಮಾನು ಎಳೆಯುತ್ತಿದ್ದರೆ ಕಟ್ಟಡವೇ ಹೊಟ್ಟೆ ಹಸಿದು ಗುಡುಗುಟ್ಟಿದಂತಿರುತ್ತದೆ. ಕಮಾನುಗಳನ್ನು ಚೌಕಟ್ಟಿಗೆ ನೇತು ಹಾಕಿರುತ್ತೇವೆ, ಅವುಗಳ ಕುದುರೆಕೂದಲನ್ನು ಸಡಿಲ ಬಿಟ್ಟು. ಬೇಕಾದವರು ಇಳಿಸಿಕೊಂಡು, ತಿರುಪು ಬಿಗಿ ಮಾಡಿ, ರಾಳ ಉಜ್ಜಿ ನುಡಿಸಬಹುದು. ಕಮಾನು ಹಿಡಿಯುವವರಲ್ಲಿ ಎರಡು ಪಂಗಡ. ಅಂಗೈ ಕೆಳಗೆ ಮಾಡಿ ಮೇಲಿಂದ ಹಿಡಿಯುವವರು ಒಂದು, ಅಂಗೈ ಮೇಲೆ ಮಾಡಿ ಕೆಳಗಿನಿಂದ ಹಿಡಿಯುವವರು ಇನ್ನೊಂದು. ಇವರು ಊಟಕ್ಕೂ ಬೇರೆ ಬೇರೆ ಮೇಜಿನಲ್ಲಿ ಕೂರುತ್ತಾರೆ. (ಉತ್ಪ್ರೇಕ್ಷೆ ಅನ್ನಬೇಡಿ. ಒಂದೇ ಮೇಜಿನಲ್ಲಿ ಕೂತರೂ ಎದುರುಬದುರು ಕೂರುತ್ತಾರೆ.)

ನನ್ನ ಹೆಂಡತಿ ಆ ದಿನ ನಮ್ಮ ಮಳಿಗೆಯಲ್ಲಿರಲಿಲ್ಲ. ಕಮಾನಿಗೆ ಹೊಸ ಕುದುರೆಕೂದಲು ಕಟ್ಟಿಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು, ಕಾರಿಡಾರಿನ ಆಚೆ ತುದಿಯ ಕೋಣೆಯಲ್ಲಿ. ಇದನ್ನು ನೆನಪಿಡಿ. ನಾನು ಒಬ್ಬನೇ ಇದ್ದೆ ಎಂಬುದು ಕಥೆಗೆ ಬೇಕು.

೩

ಆರರಲ್ಲಿ ಐದು ಬಾಸು ಅಂಗಡಿಯವು. ಆರನೆಯದು ಮಾವನದು.

ಮಾವ ಎಂದರೆ ಹೆಂಡತಿಯ ಅಪ್ಪ. ವಾದ್ಯವೃಂದದ ಹಿಂದಿನ ಸಾಲಿನಲ್ಲಿ ನಿಂತು ನಲವತ್ತು ವರ್ಷ ಆ ಬಾಸನ್ನು ನುಡಿಸಿದವರು. ಎತ್ತರದ ಆಳು, ಬಿಳಿ ಗಿರಿಜಾ ಮೀಸೆ, ಹುಲಿಯಂಥ ಕಣ್ಣು...

"ನನಗೆಲ್ಲಿದೆ ಮೀಸೆ?" ಎಂದರು ಮಾವ.

"ಕಥೆಗೆ ಇರಲಿ ಮಾವ."

"ಕಥೆಗೆ ಬೇಕಿದ್ರೆ ನೀವು ಬಿಟ್ಕೊಳ್ಳಿ ಅಳಿಯಂದ್ರೇ."

ಮೀಸೆ ತೆಗೆದಿದ್ದೇನೆ. ಉಳಿದದ್ದು ಹೀಗೆ: ಗಿಡ್ಡನೆಯ ಮನುಷ್ಯ, ಎಡಗೈ ಬೆರಳುಗಳು ಈಗ ಮಡಚುವುದಿಲ್ಲ. ತಂತಿ ಒತ್ತಲಾಗದೆ ಎರಡು ವರ್ಷದಿಂದ ಬಾಸು ಮನೆಯ ಮೂಲೆ ಸೇರಿತ್ತು. ನುಡಿಸುವವರ ಕೈಗೆ ಅದನ್ನು ಒಪ್ಪಿಸಬೇಕು ಎಂದು ಈ ವರ್ಷ ಅವರೇ ಹೇಳಿದರು. ಕೊಳ್ಳುವವರನ್ನು ನಾನು ಹುಡುಕಬೇಕು, ಆರಿಸುವುದು ಮಾತ್ರ ಅವರು. ಆರಿಸುವ ಕ್ರಮವೂ ಅವರದೇ. ಬಂದವರು ಮೊದಲು ಕೆಳಗಿನ, ಎಂದರೆ ಎಲ್ಲಕ್ಕಿಂತ ದಪ್ಪ ದನಿಯ, ಒಂದೇ ತಂತಿಯನ್ನು ಬೆರಳಿಡದೆ ಕಮಾನಿನಿಂದ ಎಳೆಯಬೇಕು. ಮಾವ ಪಕ್ಕದಲ್ಲಿ ಕೂತು, ಬಾಸಿನ ಪಕ್ಕೆಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ. ಆ ಒಂದು ಸ್ವರದಲ್ಲಿ ಎಲ್ಲ ಗೊತ್ತಾಗುತ್ತದಂತೆ.

ಗೊತ್ತಾಗುತ್ತದೆ. ಅದೇ ಕಷ್ಟ. ನಮ್ಮ ಅಂಗಡಿಯಲ್ಲಿ ನಾನು ಗಿರಾಕಿಗೆ "ಇದು ಮುನ್ನೂರು ವರ್ಷದ್ದು" ಎಂದರೆ, ಮೂಲೆಯಲ್ಲಿ ಕೂತ ಮಾವ ಗೆಣ್ಣಿನಿಂದ ಹಲಗೆ ಬಡಿದು, "ಇನ್ನೂರು ಕಳೀರಿ" ಎನ್ನುತ್ತಿದ್ದರು. ಮಾತಿನಲ್ಲಿ ನನ್ನನ್ನು ಯಾರೂ ಸೋಲಿಸಿಲ್ಲ. ಮಾವ ಮಾತೇ ಆಡುತ್ತಿರಲಿಲ್ಲ, ಕೇಳುತ್ತಿದ್ದರು.

೪

(ಈ ಭಾಗವನ್ನು ಕೈಬಿಟ್ಟಿದ್ದೇನೆ. ಬಾಗಿಲು ತೆರೆಯುವ ಮುಂಚೆ ಮಳಿಗೆಯಲ್ಲಿ ನಾನೊಬ್ಬನೇ ಇದ್ದೆ. ಹೇಳುವಂಥದ್ದೇನೂ ನಡೆಯಲಿಲ್ಲ.)

೫

ಮಾವ ಬಂದರು, ಕುರ್ಚಿಯಲ್ಲಿ ಕೂತರು, ಅಂಗೈಯನ್ನು ಬಾಸಿನ ಪಕ್ಕೆಗೆ ಇಟ್ಟರು. ಮೊದಲು ಬಂದವಳು ಒಬ್ಬ ಟೀಚರಮ್ಮ. ಮಕ್ಕಳಿಗೆ ಬಾಸ್ ಕಲಿಸುವವಳು, ಸಂಜೆ ಹೊತ್ತು ವೃಂದದಲ್ಲಿ ನುಡಿಸುವವಳು. ಕೆಳಗಿನಿಂದ ಹಿಡಿಯುವ ಪಂಗಡ. ಅವಳು ಕಮಾನು ಹಿಡಿದದ್ದು ಕಂಡು ಮಾವ ನನ್ನ ಕಿವಿಯಲ್ಲಿ, "ಗರಗಸ ಹಿಡ್ದಂಗೆ ಹಿಡೀತಾರೆ ಇವ್ರು" ಎಂದರು. ಆಮೇಲೆ ಅವಳು ಕೆಳಗಿನ ತಂತಿಯನ್ನು ಎಳೆದಳು.

ಚೆನ್ನಾಗಿ ಎಳೆದಳು. ಉದ್ದಕ್ಕೆ, ನಡುಗದೆ, ಅವಸರವಿಲ್ಲದೆ. ಅಕ್ಕಪಕ್ಕದ ಮಳಿಗೆಯವರು ತಿರುಗಿ ನೋಡಿದರು.

ಮಾವ ಕಣ್ಣು ತೆರೆದರು. "ಇನ್ನೊಂದ್ಸಲ ಎಳಿಯಮ್ಮ" ಎಂದರು. ಅವಳು ಎಳೆದಳು. "ಇನ್ನೊಂದು." ಮತ್ತೆ ಎಳೆದಳು. ಮಾವ ಬಾಸಿನಿಂದ ಕೈ ತೆಗೆದು ಆ ಕೈಯನ್ನೇ ನೋಡಿಕೊಂಡರು, ಬೇರೆ ಯಾರದೋ ಕೈ ಎಂಬಂತೆ.

"ನನ್ನದೇನಾದರೂ ತಪ್ಪಾಯ್ತಾ ಸಾರ್?" ಟೀಚರಮ್ಮ ಕೇಳಿದಳು. "ಎರಡು ವರ್ಷದಿಂದ ಇಂಥದ್ದೊಂದನ್ನ ಹುಡುಕ್ತಿದೀನಿ. ನನ್ನ ಹತ್ತಿರ ಇರೋದು ಪ್ಲೈವುಡ್ಡು. ಎಷ್ಟು ಎಳೆದ್ರೂ ಬಾಗಿಲು ಕಿರುಗುಟ್ಟಿದಂಗೆ ಇರುತ್ತೆ."

"ನಿಮ್ಮದೇನೂ ತಪ್ಪಿಲ್ಲ ತಾಯಿ. ಒಂದು ಸುತ್ತು ಹಾಕ್ಕೊಂಡು ಬನ್ನಿ."

ಅವಳು ಹೋದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದ್ದು ಮಾವನನ್ನಲ್ಲ, ಬಾಸನ್ನು.

೪, ಮತ್ತೊಮ್ಮೆ

ಸರಿ. ನೀವು ಹಾಗೆ ನನ್ನನ್ನೇ ದುರುಗುಟ್ಟಿ ನೋಡಿದರೆ ಮುಂದಕ್ಕೆ ಬರೆಯಲಾಗುವುದಿಲ್ಲ. ಕೈಬಿಟ್ಟಿದ್ದನ್ನು ಎತ್ತಿಕೊಳ್ಳುತ್ತೇನೆ.

ಪ್ರತಿ ಬಾಸಿನ ಹೊಟ್ಟೆಯೊಳಗೆ ಹೆಬ್ಬೆರಳಿನ ದಪ್ಪದ ಒಂದು ಮರದ ಕಡ್ಡಿ ನಿಂತಿರುತ್ತದೆ. ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ. ಅದನ್ನು ಅಂಟಿಸಿರುವುದಿಲ್ಲ, ಮೊಳೆ ಹೊಡೆದಿರುವುದಿಲ್ಲ. ಮೇಲಿರುವ ತಂತಿಗಳ ಬಿಗಿಯಿಂದ ಹಲಗೆ ಅದುಮಿಕೊಂಡಿರುತ್ತದಲ್ಲ, ಆ ಒತ್ತಡಕ್ಕೆ ನಿಂತಿರುತ್ತದೆ, ಅಷ್ಟೇ. ಅದು ಎಳ್ಳಿನಷ್ಟು ಅತ್ತಿತ್ತ ಸರಿದರೂ ಬಾಸಿನ ದನಿ ಬೇರೆಯಾಗುತ್ತದೆ. ಅದಕ್ಕೇ ನಮ್ಮ ಕಸುಬಿನಲ್ಲಿ ನಾಲ್ಕು ತಂತಿಯನ್ನೂ ಒಟ್ಟಿಗೆ ಯಾರೂ ಬಿಚ್ಚುವುದಿಲ್ಲ. ಒಂದು ಬಿಚ್ಚು, ಒರೆಸು, ಕಟ್ಟು, ಆಮೇಲೆ ಇನ್ನೊಂದು.

ನಾನು ನಾಲ್ಕನ್ನೂ ಒಟ್ಟಿಗೆ ಬಿಚ್ಚಿದೆ.

ಯಾಕೆಂದರೆ ನನಗೆ ಅದನ್ನು ಕನ್ನಡಿಯಂತೆ ಮಿಂಚಿಸಬೇಕಿತ್ತು. ಮಾವ ಬಂದು ನೋಡಿ, ಅಳಿಯ ಎಂದರೆ ಇವನಪ್ಪ ಎನ್ನಬೇಕಿತ್ತು. ಬಾಸನ್ನು ಮಗ್ಗುಲಾಗಿ ಮಲಗಿಸಿ ಬಟ್ಟೆ ಆಡಿಸುತ್ತಿದ್ದಂತೆ ಒಳಗೆ 'ಟಕ್' ಎಂದಿತು. ಮೆಲ್ಲಗೆ, ಯಾರೋ ಬಾಗಿಲು ತಟ್ಟಿದಂತೆ. ಕಡ್ಡಿ ಬಿದ್ದಿತ್ತು.

ಕಡ್ಡಿ ನಿಲ್ಲಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಕಣ್ಣಿಗೆ ಬಟ್ಟೆ ಕಟ್ಟಿ ನೂರಾರು ಬಾಸುಗಳಿಗೆ ನಿಲ್ಲಿಸಿದ್ದೇನೆ. (ಒಂದಕ್ಕೂ ಇಲ್ಲ. ಹೆಂಡತಿ ನಿಲ್ಲಿಸುವುದನ್ನು ನೋಡಿದ್ದೇನೆ.) ಅವಳು ಮಳಿಗೆಯಲ್ಲೇ ಬಿಟ್ಟಿದ್ದ ಪೆಟ್ಟಿಗೆಯಿಂದ ಸೊಟ್ಟ ಸಲಾಕೆ ತೆಗೆದು, ಬಾಸಿನ ಎದೆಯ ಮೇಲಿನ ಉದ್ದ ಕಂಡಿಯೊಳಗೆ ತೂರಿಸಿ, ಹಲ್ಲು ಕಚ್ಚಿ, ಬೆವರು ಸುರಿಸಿ, ಅಂತೂ ನಿಲ್ಲಿಸಿದೆ. ತಂತಿ ಬಿಗಿದೆ. ಎಳೆದು ನೋಡಿದೆ, ದನಿ ಬಂತು. ಬಾಸಿನಿಂದ ಬಾಸಿನ ದನಿ ಬಂದರೆ ಸಾಕಲ್ಲ. ಪಾಲಿಶ್ ಅಂತೂ ಅದ್ಭುತವಾಗಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು.

ಈಗ ಐದನೇ ಭಾಗಕ್ಕೆ ವಾಪಸು ಹೋಗಿ. ಟೀಚರಮ್ಮ ಹೋಗಿಯಾಗಿದೆ. ಮಾವ ಕೈ ನೋಡಿಕೊಳ್ಳುತ್ತಿದ್ದಾರೆ.

೬

"ಅಳಿಯಂದ್ರೇ, ನೀವೊಮ್ಮೆ ಎಳೀರಿ."

ಎಳೆದೆ. ಮಾವ ಬಾಸಿನ ಪಕ್ಕೆಗೆ ಈ ಸಲ ಕೆನ್ನೆಯನ್ನೇ ಒತ್ತಿದರು. ನಾನು ಕಮಾನು ತೆಗೆದ ಮೇಲೂ ಹಾಗೇ ಇದ್ದರು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಪುಟ್ಟಿ?" ಎಂದರೆ ಅವರ ಮಗಳು, ನನ್ನ ಹೆಂಡತಿ.

ಮತ್ತೆ ತಲೆಯಾಡಿಸಿದೆ.

ಮಾವ ಬಾಸಿನಿಂದ ಕೆನ್ನೆ ಎತ್ತಿದರು. ಸುತ್ತ ಇಡೀ ಹಾಲು ಗುಡುಗುತ್ತಿತ್ತು. ಆ ಗದ್ದಲದಲ್ಲಿ ಅವರು ಆಡಿದ್ದು ನನಗೆ ಕೇಳಿಸಲಿಲ್ಲ ಎಂದು ಬರೆದು ಮುಂದೆ ಹೋಗಬಹುದಿತ್ತು. ಕೇಳಿಸಿತು.

"ಬೆರಳು ಹೋದಾಗ ನಾನು ಅಳಲಿಲ್ಲ. ಬೇರೆಯವರು ನುಡಿಸ್ಲಿ, ನಾನು ಕೇಳ್ತೀನಿ, ಕಿವಿ ಇದೆಯಲ್ಲ ಅಂದ್ಕೊಂಡೆ. ಈಗ ಇದೂ ಹೋಯ್ತು. ನನ್ನ ಬಾಸೇ ನನಗೆ ಬೇರೆ ಯಾರದ್ದೋ ಥರ ಕೇಳಿಸ್ತಿದೆ."

"ಗದ್ದಲಕ್ಕೆ ಹಾಗೆ ಮಾವ" ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ನನ್ನ ಜನ್ಮದಲ್ಲೇ ಮೊದಲು.

(ಇಲ್ಲಿ ಓದುಗರಲ್ಲಿ ಒಬ್ಬರು ಎದ್ದು ನಿಂತು, "ಹೇಳಿಬಿಡೋ ಮಾರಾಯ" ಎನ್ನುತ್ತಿದ್ದಾರೆ. ಕೂತುಕೊಳ್ಳಿ. ನಾನು ಬರೆಯುತ್ತಿರುವುದು, ನೀವಲ್ಲ.)

೭

ಆಗ ಹೋಟೆಲಿನವರು ಬಂದರು. ದೊಡ್ಡ ಹೋಟೆಲಿನ ಮಾಲೀಕರು. ಬಾಸು ನುಡಿಸಲು ಬರುವುದಿಲ್ಲ, ಕೇಳುವ ಆಸೆಯೂ ಇಲ್ಲ. ಲಿಫ್ಟಿನ ಪಕ್ಕ ನಿಲ್ಲಿಸಲು ಹಳೆಯದೊಂದು ಬೇಕು.

"ಒಳಗೊಂದು ಬಲ್ಬ್ ಹಾಕಿಸ್ತೀವಿ. ಈ ಸೀಳಿನಿಂದ ಹಳದಿ ಬೆಳಕು ಬರೋ ಹಾಗೆ. ಸೂಪರಾಗಿರುತ್ತೆ."

ಇಂಥವರನ್ನು ಮಾವ ಮೊದಲಾಗಿದ್ದರೆ ಒಂದೇ ನೋಟದಲ್ಲಿ ಕಾರಿಡಾರಿನವರೆಗೆ ಕಳಿಸುತ್ತಿದ್ದರು. ಈಗ "ತಗೊಂಡೋಗಿ" ಎಂದರು.

"ಮಾವ, ಆ ಟೀಚರಮ್ಮ..."

"ಯಾರು ಚೆನ್ನಾಗಿ ನುಡಿಸ್ತಾರೆ ಅಂತ ಹೇಳೋಕೆ ನಾನ್ಯಾರು ಅಳಿಯಂದ್ರೇ ಇನ್ಮೇಲೆ. ಕಿವುಡ ಕೊಡೋದಾದ್ರೆ ಬಲ್ಬಿಗೇ ಕೊಡ್ಲಿ."

ನಾನು ಕಥೆಗಾರ. ಕೈ ಕಟ್ಟಿ ಕೂರುವವನಲ್ಲ. ಥಟ್ಟನೆ ಕೆಲವು ಮುಕ್ತಾಯಗಳನ್ನು ಬರೆದೆ.

ಮುಕ್ತಾಯ ಅ: ಹೋಟೆಲಿನವರಿಗೆ ಫೋನು ಬರುತ್ತದೆ, ಲಿಫ್ಟು ಕೆಟ್ಟಿದೆ, ಅವರು ಓಡುತ್ತಾರೆ. ಆ ಸಂದಿಯಲ್ಲಿ ನಾನು ಯಾರಿಗೂ ಕಾಣದಂತೆ ಕಡ್ಡಿಯನ್ನು ಸರಿಪಡಿಸುತ್ತೇನೆ. ಮಾವನ ಕಿವಿ ವಾಪಸು ಬರುತ್ತದೆ. ನನ್ನ ಮರ್ಯಾದೆ ಎಲ್ಲಿಗೂ ಹೋಗಿರುವುದಿಲ್ಲ.

ಹೋಟೆಲಿನವರು ಒಪ್ಪಲಿಲ್ಲ. "ನಮ್ಮ ಹೋಟೆಲಿನ ಲಿಫ್ಟ್ ಕೆಡಲ್ಲ. ಅಲ್ಲದೆ ನೀವು ನನಗೆ ಕೊಟ್ಟಿರೋದೇ ನಾಲ್ಕು ಮಾತು, ಅದನ್ನೂ ಮುಗಿಸೋಕೆ ಬಿಡಲ್ವಾ?"

ಮುಕ್ತಾಯ ಆ: ಮಾವ ಎಲ್ಲ ಮರೆತು ನಗುತ್ತಾರೆ. (ಮಾವ ಓದಿ, ಹಾಳೆಯನ್ನು ನನಗೇ ಮಡಚಿಕೊಟ್ಟರು.)

ಮುಕ್ತಾಯ ಇ: ಭೂಕಂಪ.

ಯಾವುದೂ ನಿಲ್ಲಲಿಲ್ಲ. ಅಷ್ಟರಲ್ಲಿ ಹೆಂಡತಿ ಬಂದಳು, ಸೆರಗಿಗೆಲ್ಲ ಕುದುರೆಕೂದಲು ಅಂಟಿಸಿಕೊಂಡು.

"ಬಲ್ಬಂತೆ" ಎಂದೆ.

"ಯಾರಪ್ಪ ಒಪ್ಪಿದ್ದು?"

"ನಿಮ್ಮಪ್ಪ."

ಅವಳು ಮಾವನ ಮುಖ ನೋಡಿದಳು. ಮಾವ ಆಚೆ ತಿರುಗಿಕೊಂಡಿದ್ದರು.

"ಮೇಡಂ," ಎಂದರು ಹೋಟೆಲಿನವರು, "ರಿಪೇರಿ ಮಾಡೋರು ನೀವೇನಾ? ಬಲ್ಬ್ ಎಲ್ಲಿ ಕೂರಿಸಬಹುದು ಅಂತ ಒಳಗೆ ಸ್ವಲ್ಪ ನೋಡಿ ಹೇಳ್ತೀರಾ?"

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನಾನು ಬರೆಯದಿದ್ದರೆ ಅವಳು ನೋಡುವುದಿಲ್ಲ ಎಂದುಕೊಂಡೆ. ಎಂಥ ತಿಳಿವಳಿಕೆ. ನಾನು ಪೆನ್ನು ಕೆಳಗಿಟ್ಟಾಗಲೂ ಕೆಲಸ ಮಾಡುವವಳು ಅವಳು, ಮದುವೆಯಾದಾಗಿನಿಂದಲೂ.

೮

ಅವಳು ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದಳು. ಕಡಲೆಕಾಳಿನಷ್ಟು ಗಾತ್ರದ ದೀಪವನ್ನು ಕಂಡಿಯೊಳಗೆ ಇಳಿಬಿಟ್ಟಳು. ಸೀಳಿನಿಂದ ಹಳದಿ ಬೆಳಕು ಬಂತು. "ನೋಡಿ, ಇದೇ ನಾನು ಹೇಳಿದ್ದು" ಎಂದರು ಹೋಟೆಲಿನವರು. ಅವಳು ಕೇಳಿಸಿಕೊಳ್ಳಲಿಲ್ಲ. ಕನ್ನಡಿಯನ್ನು ಒಮ್ಮೆ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು.

"ಅಪ್ಪ, ಇಲ್ಲಿ ನೋಡು."

ಮಾವ ಬಗ್ಗಿದರು. ನಾನು ನೋಡಬೇಕಾಗಿರಲಿಲ್ಲ, ಆದರೂ ನೋಡಿದೆ. ಹಿಂದಿನ ಹಲಗೆಯ ಮೇಲೆ ದುಂಡಗೆ ಒಂದು ಗುರುತು, ಸುತ್ತ ಹಳೆಯ ಧೂಳು, ನಡುವೆ ಮಾತ್ರ ತಿಳಿ ಬಣ್ಣದ ಮರ, ಗೋಡೆಯ ಮೇಲಿಂದ ಹಳೇ ಫೋಟೋ ತೆಗೆದಾಗ ಉಳಿಯುವಂಥ ಜಾಗ. ನಲವತ್ತು ವರ್ಷ ಕಡ್ಡಿ ನಿಂತಿದ್ದು ಅಲ್ಲಿ. ಈಗ ಅದು ನಿಂತಿದ್ದು ಬೆರಳಗಲ ಆಚೆ, ವಾಲಿಕೊಂಡು, ಸುತ್ತ ಸಲಾಕೆಯ ಹೊಸ ಗೀರುಗಳ ನಡುವೆ. ಎಳ್ಳಿನಷ್ಟಲ್ಲ. ಬೆರಳಗಲ.

"ಸಲಾಕೆ ಯಾರು ತಗೊಂಡ್ರು ನನ್ನ ಪೆಟ್ಟಿಗೆಯಿಂದ?" ಹೆಂಡತಿ ಕೇಳಿದಳು. ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನು. "ರೀ, ನಾಲ್ಕೂ ಒಟ್ಟಿಗೆ ಬಿಚ್ಚಿದ್ರಾ?"

ಹೋಟೆಲಿನವರು ಅತ್ತಿತ್ತ ನೋಡಿ, ತಮ್ಮ ನಾಲ್ಕು ಮಾತು ಮುಗಿದವೆಂದು ತಿಳಿದು, ಕಮಾನುಗಳ ಚೌಕಟ್ಟಿನ ಕಡೆ ಸರಿದರು.

"ಬಿಚ್ಚಿದೆ" ಎಂದೆ.

ಮಾವ ಕುರ್ಚಿಯಲ್ಲಿ ಕೂತರು. ಕೂತವರು ಒಮ್ಮೆ ತಮ್ಮ ಎರಡೂ ಕಿವಿಗಳನ್ನು ಮುಟ್ಟಿಕೊಂಡರು. ಅದನ್ನು ನೋಡಬಾರದೆಂದು ನಾನು ಪಾಲಿಶ್ ನೋಡಿದೆ. ಅದರಲ್ಲಿ ನನ್ನದೇ ಮುಖ ಕಂಡಿತು.

೯

ಹೆಂಡತಿ ಬಾಸನ್ನು ಮಲಗಿಸಿ, ತಂತಿ ಸಡಿಲಿಸಿ, ಕೆಲಸ ಶುರುಮಾಡಿದ್ದಾಳೆ. ಕಡ್ಡಿ ಹಳೆಯ ಗುರುತಿಗೆ ಹೋಗಿ ಕೂರುತ್ತದೋ, ಕೂತರೂ ದನಿ ಮೊದಲಿನಂತೆಯೇ ಇರುತ್ತದೋ, ಮಾವನಿಗೆ ಅದು ತಮ್ಮದೆಂದು ಕೇಳಿಸುತ್ತದೋ, ಇದನ್ನೆಲ್ಲ ನಾನು ಬರೆಯುವುದಿಲ್ಲ. ಟೀಚರಮ್ಮ ಇನ್ನೂ ಕಟ್ಟಡದಲ್ಲಿದ್ದಾಳೋ, ಸಿಟಿ ಬಸ್ಸು ಹತ್ತಿದಳೋ ಗೊತ್ತಿಲ್ಲ. ನೀವೇ ಹೋಗಿ ಹುಡುಕಬಹುದು, ಮೂರು ಮಹಡಿ, ಲಿಫ್ಟಿದೆ. ಕಮಾನು ತಂತಿಗೆ ತಾಗುವ ಮೊದಲೇ ನಾನು ನಿಲ್ಲಿಸುತ್ತೇನೆ, ಯಾಕೆಂದರೆ ಅಷ್ಟರಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ನನ್ನ ಕಿವಿ ಹೋಯ್ತು ಅಂತ ನಾನು ಹೇಳ್ದಾಗ ನಿನಗೇನನ್ನಿಸ್ತು?"

ನೀವು ಹೋಗಿ ನೀನು ಆದದ್ದನ್ನು ಗಮನಿಸಿದೆ.

"ಕರುಳು ಕಿತ್ತು ಬಂದಂಗಾಯ್ತು ಮಾವ."

ಮಾವ ತಲೆ ಅಲ್ಲಾಡಿಸಿದರು. "ಏರಿತು."

"ಏನು ಏರಿತು?"

"ದನಿ. ಸುಳ್ಳು ಹೇಳುವಾಗ ನಿನ್ನ ದನಿ ಅರ್ಧ ಸ್ವರ ಮೇಲಕ್ಕೆ ಹೋಗುತ್ತೆ. ನಮ್ಮನೆಗೆ ಮೊದಲ್ನೇ ಸಲ ಬಂದಾಗ ಈಜು ಬರುತ್ತೆ, ಕಾರು ಬಿಡ್ತೀನಿ, ಐದು ಭಾಷೆ ಗೊತ್ತು ಅಂದೆ. ಮೂರಕ್ಕೂ ಏರಿತ್ತು."

"ಗೊತ್ತಿದ್ದೂ ಮಗಳನ್ನ ಕೊಟ್ರಾ?"

"ಅವಳಿಲ್ಲದೆ ನನಗೆ ಆಗಲ್ಲ ಅಂದೆಯಲ್ಲ, ಆಗ ಏರಲಿಲ್ಲ. ಇವತ್ತು ಬೆಳಿಗ್ಗೆ ನೀನು ಬಾಯಿ ಬಿಡದೆ ತಲೆಯಾಡಿಸಿಬಿಟ್ಟೆ. ಬಾಯಲ್ಲಿ ಹೇಳಿದ್ರೆ ಆಗ್ಲೇ ಸಿಕ್ಕಿಹಾಕ್ಕೋತಿದ್ದೆ, ನನಗೂ ಇಷ್ಟು ಹೊತ್ತು ಹೆದರಿಕೆ ತಪ್ತಿತ್ತು. ಈಗ ಹೇಳು. ಏನನ್ನಿಸ್ತು?"

ಓದುಗರೇ, ಇಲ್ಲಿಗೂ ನನ್ನ ಬಳಿ ಅ, ಆ, ಇ ಇದ್ದವು. 'ಪಶ್ಚಾತ್ತಾಪ' ಎಂಬ ಪದವನ್ನು ಎರಡು ಕಡೆ ಬಳಸಿದ್ದೆ. ಹರಿದುಹಾಕಿದೆ.

"ಹಾಯೆನಿಸ್ತು ಮಾವ" ಎಂದೆ. "ಒಂದು ಗಳಿಗೆ. ಇನ್ನುಮುಂದೆ ಮುನ್ನೂರು ವರ್ಷ ಅಂದ್ರೆ ಮುನ್ನೂರೇ, ಇನ್ನೂರು ಕಳೀರಿ ಅನ್ನೋರು ಯಾರೂ ಇಲ್ಲ ಅನ್ನಿಸ್ತು. ಕಡ್ಡಿ ಬಿದ್ದಿದ್ದನ್ನ ಹೇಳೋಕೆ ಅವಮಾನ ಆಗಿ ಸುಮ್ಮನಿದ್ದೆ ಅಂತ ನನಗೇ ನಾನು ಹೇಳ್ಕೊಂಡೆ. ಅದಲ್ಲ. ನೀವು ಕೇಳಿಸ್ಕೊಳ್ಳೋದು ನಿಲ್ಲಿಸ್ತೀರಿ ಅಂತ ಖುಷಿಯಾಗಿ ಸುಮ್ಮನಿದ್ದೆ."

ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನನ್ನ ದನಿ ಇದ್ದಲ್ಲೇ ಇತ್ತು.